ತಾಯಂದಿರ ಓದಿನ ತರಗತಿಗೆ ಹಣ ಸಿಗದಿದ್ದರೆ

ಊರಿನ 18 ತಾಯಂದಿರಿಗೆ ಮಕ್ಕಳ ಜೊತೆಯಲ್ಲೇ ಓದು ಕಲಿಸಲು ಹಣ ಕೇಳಿ ಹಾಕಿದ ಅರ್ಜಿ ವಾಪಸ್ ಬಂತು ಅಂತ ಬರೆದಿದ್ದೀರಿ. ಅದರಲ್ಲಿ ನೀವು ಕೇಳಿದ್ದು ಟೀಚರ್ ಗೌರವಧನ. ವಾಪಸ್ ಬಂದಿದ್ದಕ್ಕೆ ಬಹುಶಃ ಅದೇ ಕಾರಣ. ಕೇಂದ್ರ ಶೇ 60, ರಾಜ್ಯ ಶೇ 40ರಷ್ಟು ಹಣ ಹಾಕುವ, ದೊಡ್ಡವರಿಗೆ ಓದು-ಬರಹ ಕಲಿಸುವ 'ಉಲ್ಲಾಸ್' ಯೋಜನೆಯಲ್ಲಿ ಕಲಿಸುವವರು ಸ್ವಯಂಸೇವಕರು. ಸಂಬಳ ಅಂತ ಕೇಳಿದರೆ ಸಿಗುವುದಿಲ್ಲ.

ಮೊದಲು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ಅಷ್ಟೂ ಹೆಸರನ್ನು ಉಲ್ಲಾಸ್ ಆ್ಯಪ್‌ಗೆ ಸೇರಿಸಿ. ಓದಲು ಬಾರದ, 15 ವರ್ಷ ತುಂಬಿದ ಯಾರಾದರೂ ಸರಿ. ಕಲಿಸಲು ನೀವೋ, ಊರಿನ ಪಿಯುಸಿ ಹುಡುಗಿಯರೋ ನೋಂದಾಯಿಸಿಕೊಳ್ಳಿ. ಆಮೇಲೆ ಪಟ್ಟಿ ಸಮೇತ, ಜಿಲ್ಲೆಯಲ್ಲಿ ವಯಸ್ಕರ ಶಿಕ್ಷಣ ನೋಡಿಕೊಳ್ಳುವ ಜಿಲ್ಲಾ ಲೋಕ ಶಿಕ್ಷಣ ಸಮಿತಿಗೆ ಪತ್ರ ಕೊಟ್ಟು ಪುಸ್ತಕ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಪುಸ್ತಕ ಯಾವಾಗ ಬರುತ್ತದೆ ಅಂತ ಹೇಳಲಾಗದು. ನಮಗೆ ಎರಡು ತಿಂಗಳು ಹಿಡಿಯಿತು. ಸುಮ್ನೆ ಕಾಯಬೇಡಿ, ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ಕಾರ್ಡುಗಳಿಂದಲೇ ಶುರು ಮಾಡಿ. ನಮ್ಮಲ್ಲಿ ಒಬ್ಬ ತಾಯಿ ಮಗಳ ಸ್ಲೇಟಿನಲ್ಲೇ 'ರ' ತಿದ್ದಿ ಕಲಿತರು, ಕೈ ಹಿಡಿದು ತಿದ್ದಿಸಿದ್ದು ಆ ಮಗಳೇ.

ಮಕ್ಕಳಿಗೆ ಅಂತ ಈ ಯೋಜನೆಯಲ್ಲಿ ಬೇರೆ ದುಡ್ಡಿಲ್ಲ. ಅದಕ್ಕೇ ತರಗತಿಯನ್ನು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಇಟ್ಟುಕೊಳ್ಳಿ. ಜಾಗವೂ ಇರುತ್ತದೆ, ಮಕ್ಕಳ ಪುಸ್ತಕವೂ ಸಿಗುತ್ತದೆ. ಸಂಜೆ ತೆರೆದಿಡಲು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಈ ವಾರವೇ ಒಂದು ಮನವಿ ಕೊಡಿ.