ಕೌಬಾಯ್ ಸಿನಿಮಾನೂ ಆಗಿರಬೇಕು, ಸೈನ್ಸ್ ಫಿಕ್ಷನ್ನೂ ಇರಬೇಕು ಅಂದರೆ ಯಾವುದು ನೋಡಲಿ?

ಕುದುರೆ, ಬಂದೂಕು ಎಲ್ಲ ಇರುವ ವೆಸ್ಟರ್ನ್ ಬೇಕು, ಅದರಲ್ಲೇ ಸೈನ್ಸ್ ಫಿಕ್ಷನ್ ಸೇರಿರಬೇಕು, ಮನೆಮಂದಿಯೆಲ್ಲ ಕೂತು ನಗುತ್ತಾ ನೋಡುವಂತಿರಬೇಕು ಅಂತ ತಾನೇ ನೀವು ಕೇಳಿರುವುದು? ಹಾಗಾದರೆ ಕಣ್ಣು ಮುಚ್ಚಿಕೊಂಡು ‘ಬ್ಯಾಕ್ ಟು ದಿ ಫ್ಯೂಚರ್ ಪಾರ್ಟ್ 3’ ಹಾಕಿ. 1990ರ ಚಿತ್ರ, ನಿರ್ದೇಶಕ ರಾಬರ್ಟ್ ಝೆಮೆಕಿಸ್. ಮೂರು ಭಾಗಗಳಲ್ಲಿ ಇದರ ಬಗ್ಗೆ ಮಾತಾಡುವವರು ಕಡಿಮೆ, ಆದರೆ ನನಗೆ ಇದರ ಮೇಲೇ ಪ್ರೀತಿ ಜಾಸ್ತಿ.

ಡಿಲೋರಿಯನ್ ಕಾರನ್ನೇ ಟೈಮ್ ಮಷಿನ್ ಮಾಡಿದ ವಿಜ್ಞಾನಿ ಡಾಕ್ ಬ್ರೌನ್, ಸಿಡಿಲು ಹೊಡೆದು 1885ಕ್ಕೆ ಹೋಗಿ ಬಿದ್ದಿದ್ದಾನೆ. ಇಲ್ಲಿ ಕಮ್ಮಾರನ ಕೆಲಸ ಮಾಡಿಕೊಂಡು ಆರಾಮಾಗಿದ್ದೇನೆ, ಕಾರನ್ನು ಗಣಿಯೊಳಗೆ ಬಚ್ಚಿಟ್ಟಿದ್ದೇನೆ, ನನ್ನನ್ನು ಹುಡುಕಿಕೊಂಡು ಬರಬೇಡ ಅಂತ ಗೆಳೆಯ ಮಾರ್ಟಿಗೆ ಪತ್ರ ಬರೆದಿರುತ್ತಾನೆ. ಅದು ಮಾರ್ಟಿಯ ಕೈಗೆ ಸಿಗುವುದು 70 ವರ್ಷ ಆದ ಮೇಲೆ, 1955ರಲ್ಲಿ. ಕಾರೇನೋ ಸಿಗುತ್ತದೆ, ಜೊತೆಗೆ ಗಣಿಯ ಹತ್ತಿರದ ಸ್ಮಶಾನದಲ್ಲಿ ಡಾಕ್‌ನ ಗೋರಿಕಲ್ಲೂ ಕಾಣುತ್ತದೆ. ಪತ್ರ ಬರೆದು ಒಂದು ವಾರವೂ ಆಗಿರಲಿಲ್ಲ, 80 ಡಾಲರ್ ವಿಷಯಕ್ಕೆ ಬ್ಯೂಫರ್ಡ್ ಟ್ಯಾನೆನ್ ಎಂಬ ರೌಡಿ ಅವನ ಬೆನ್ನಿಗೆ ಗುಂಡು ಹೊಡೆದ ಅಂತ ಅದರ ಮೇಲೆ ಕೆತ್ತಿದೆ. ಇನ್ನು ಮಾರ್ಟಿ ಸುಮ್ನೆ ಇರುತ್ತಾನಾ? ಹೊರಟೇಬಿಡುತ್ತಾನೆ.

ಈ ಜಾತಿಯ ಎಷ್ಟೋ ಚಿತ್ರಗಳಲ್ಲಿ ಕೌಬಾಯ್ ಟೋಪಿ ಬರೀ ವೇಷ. 2011ರ ‘ಕೌಬಾಯ್ಸ್ ಆ್ಯಂಡ್ ಏಲಿಯನ್ಸ್’ ನೋಡಿ, ಅನ್ಯಗ್ರಹದವರು ಬಂದಿಳಿದ ಮೇಲೆ ವೆಸ್ಟರ್ನ್ ಮೂಲೆಗೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಸೈನ್ಸ್ ಫಿಕ್ಷನ್ ತಂದಿಟ್ಟ ಸಮಸ್ಯೆಯನ್ನು 1885ರಲ್ಲಿ ಕೈಗೆ ಸಿಗುವ ಸಾಮಾನಿನಲ್ಲೇ ಬಿಡಿಸಬೇಕು. ಕಾಲ ದಾಟಿಸುವ ಟೈಮ್ ಸರ್ಕ್ಯೂಟ್‌ಗೆ ಕರೆಂಟ್ ಕೊಡುವ ಯಂತ್ರ ಚೆನ್ನಾಗಿಯೇ ಇದೆ, ಆದರೆ ಚಕ್ರ ತಿರುಗಿಸುವ ಎಂಜಿನ್‌ಗೆ ಮಾಮೂಲಿ ಪೆಟ್ರೋಲೇ ಬೇಕು, ಪೈಪ್ ಹರಿದು ಇದ್ದದ್ದೆಲ್ಲ ಸೋರಿ ಹೋಗಿದೆ, ಆ ಕಾಲದಲ್ಲಿ ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ಕಾಲ ದಾಟಬೇಕಾದರೆ ಕಾರು ಗಂಟೆಗೆ 88 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್ ವೇಗ ಮುಟ್ಟಲೇಬೇಕು. ಕುದುರೆ ಕಟ್ಟಿ ಎಳೆಸುತ್ತಾರೆ, ಆಗಲ್ಲ. ಸಲೂನ್‌ನಲ್ಲಿ, ಅಂದರೆ ಆ ಕಾಲದ ಹೆಂಡದಂಗಡಿಯಲ್ಲಿ, ಸಿಗುವ ಅತಿ ಖಡಕ್ ವಿಸ್ಕಿಯನ್ನು ಪೆಟ್ರೋಲ್ ಬದಲು ಸುರಿಯುತ್ತಾರೆ, ಎಂಜಿನ್ನಿನ ಒಂದು ಭಾಗವೇ ಸಿಡಿದು ಹೋಗುತ್ತದೆ. ಉಳಿದದ್ದು ಒಂದೇ ದಾರಿ: ಕಾರಿಗೆ ರೈಲಿನ ಚಕ್ರ ಹಾಕಿ ಹಳಿ ಮೇಲೆ ನಿಲ್ಲಿಸಿ, ಹಿಂದಿನಿಂದ ಉಗಿಬಂಡಿಯಲ್ಲಿ ತಳ್ಳಿಸುವುದು. ಅದಕ್ಕಾಗಿ ರೈಲನ್ನೇ ದರೋಡೆ ಮಾಡಬೇಕು! ವೆಸ್ಟರ್ನ್ ಅಂದರೆ ರೈಲು ದರೋಡೆ ಇರಲೇಬೇಕಲ್ವಾ, ಇಲ್ಲಿ ಅದು ಟೈಮ್ ಟ್ರಾವೆಲ್‌ಗೇ ಬೇಕಾಗುತ್ತದೆ. ಈ ಹೆಣಿಗೆ ನನಗೆ ಎಷ್ಟು ಹಿಡಿಸಿದೆ ಅಂದರೆ, ಕಥೆ ಗೊತ್ತಿದ್ದೂ ಆ ಕೊನೆಯ ಇಪ್ಪತ್ತು ನಿಮಿಷ ಕುರ್ಚಿಯ ತುದಿಗೆ ಬಂದು ಕೂತಿರುತ್ತೇನೆ. ಬಾಯ್ಲರ್‌ಗೆ ಹಾಕಲು ಡಾಕ್ ಮೂರು ಬಣ್ಣದ ಸೌದೆ ತಯಾರಿಸಿರುತ್ತಾನೆ, ಒಂದೊಂದು ಹತ್ತಿಕೊಂಡಾಗಲೂ ಚಿಮಣಿಯ ಹೊಗೆಯ ಬಣ್ಣ ಹಸಿರು, ಹಳದಿ, ಕೆಂಪು ಅಂತ ಬದಲಾಗುತ್ತದೆ, ಮುಂದೆ ನೋಡಿದರೆ ಕಣಿವೆಯ ಸೇತುವೆ ಇನ್ನೂ ಕಟ್ಟಿ ಮುಗಿದಿಲ್ಲ. ಮುಂದಿನದು ಹೇಳಲ್ಲ, ನೋಡಿ.

ಚಿಕ್ಕಪುಟ್ಟ ಮಜಾ ಬೇಕಾದಷ್ಟಿದೆ. ಡಾಕ್‌ನ ಕುಲುಮೆಯಲ್ಲಿ ಕೋಣೆ ತುಂಬುವಷ್ಟು ದೊಡ್ಡ ಯಂತ್ರವೊಂದಿದೆ. ಉಗಿ ಬಿಡುತ್ತಾ ಧಡಧಡ ಅಂತ ಅಲುಗಾಡಿ ಕೊನೆಗೆ ಕೊಡುವುದು ಕಂದು ಬಣ್ಣದ ಒಂದೇ ಒಂದು ಐಸ್ ತುಂಡು. ಡಾಕ್ ಅದನ್ನು ಲೋಟಕ್ಕೆ ಹಾಕಿ ‘ಐಸ್ ಟೀ?’ ಅಂತ ಕೇಳುತ್ತಾನೆ. ಡಾಕ್ ಪಾತ್ರ ಮಾಡಿದ ಕ್ರಿಸ್ಟೋಫರ್ ಲಾಯ್ಡ್ ಮುಖ ಆಗ ನೋಡಬೇಕು. ಮಾರ್ಟಿ ಅಲ್ಲಿ ಇಟ್ಟುಕೊಳ್ಳುವ ಸುಳ್ಳು ಹೆಸರು ವೆಸ್ಟರ್ನ್‌ಗಳ ದೊಡ್ಡ ಸ್ಟಾರ್ ಕ್ಲಿಂಟ್ ಈಸ್ಟ್‌ವುಡ್‌ನದ್ದು. ಸಲೂನ್‌ನಲ್ಲಿ ಕೂತು ಅವನನ್ನು ರೇಗಿಸುವ ಮೂವರು ಮುದುಕರು ನಿಜವಾಗಿಯೂ ಹಳೇ ವೆಸ್ಟರ್ನ್‌ಗಳ ನಟರು: ಹ್ಯಾರಿ ಕ್ಯಾರಿ ಜೂನಿಯರ್, ಡಬ್ ಟೇಲರ್, ಪ್ಯಾಟ್ ಬಟ್ರಮ್. ರೈಲಿನ ಎಂಜಿನ್ ಕೂಡ ಹಳೇ ಕಲಾವಿದನೇ, ಕ್ಯಾಲಿಫೋರ್ನಿಯಾದ ಸಿಯೆರಾ ರೈಲ್ವೆಯ 3ನೇ ನಂಬರಿನ ಇದು 1952ರ ವೆಸ್ಟರ್ನ್ ‘ಹೈ ನೂನ್’ನಲ್ಲೂ ಓಡಿದೆ. ವೆಸ್ಟರ್ನ್ ಮೇಲೆ ಗೌರವ ಇದ್ದವರು ಮಾತ್ರ ಹೀಗೆ ಹುಡುಕಿ ತರುತ್ತಾರೆ.

ಕ್ಲಾರಾ ಎಂಬ ಟೀಚರ್ ಜೊತೆ ಡಾಕ್‌ನ ಪ್ರೀತಿಯೂ ಚೆಂದ. ಇಬ್ಬರಿಗೂ ಸೈನ್ಸ್ ಫಿಕ್ಷನ್ ಲೇಖಕ ಜೂಲ್ಸ್ ವರ್ನ್ ಅಂದರೆ ಪ್ರಾಣ. ‘ನಾನು ಭವಿಷ್ಯದಿಂದ ಬಂದವನು’ ಅಂತ ಅವನು ನಿಜ ಹೇಳಿದಾಗ, ವರ್ನ್ ಕಥೆ ಕದ್ದು ನನಗೇ ಹೇಳುತ್ತಾನೆ ಅಂತ ಅವಳು ಸಿಟ್ಟಾಗಿ ಕಪಾಳಕ್ಕೆ ಬಾರಿಸುತ್ತಾಳೆ. ನನಗೆ ಹಿಡಿಸದೇ ಇದ್ದದ್ದು ಒಂದೇ. ಅಮೆರಿಕದ ಮೂಲನಿವಾಸಿಗಳು ಇಲ್ಲಿ ಕುದುರೆ ಮೇಲೆ ಕೂಗುತ್ತಾ ಬರುವ ಗುಂಪು ಅಷ್ಟೇ, ಒಬ್ಬರಿಗೂ ಹೆಸರಿಲ್ಲ, ಮಾತಿಲ್ಲ. ಮಕ್ಕಳ ಜೊತೆ ನೋಡುವಾಗ ಇದನ್ನೊಂದು ಮಾತಾಡಿ.

ಮೊದಲೆರಡು ಭಾಗ ನೋಡಿಲ್ಲದಿದ್ದರೆ ಅವನ್ನು ಮುಗಿಸಿಯೇ ಇದಕ್ಕೆ ಬನ್ನಿ, ಎರಡನೆಯದು ನಿಂತಲ್ಲೇ ಇದು ಶುರುವಾಗುತ್ತದೆ. ನಗು ಬೇಡ, ಸ್ವಲ್ಪ ಭಯವೇ ಬೇಕು ಅನ್ನಿಸಿದ ದಿನ ಮೈಕಲ್ ಕ್ರೈಟನ್‌ನ 1973ರ ‘ವೆಸ್ಟ್‌ವರ್ಲ್ಡ್’ ಇದೆ, ಅದರಲ್ಲಿ ಬಂದೂಕು ಹಿಡಿದ ರೋಬೋ ಆಗಿ ಯೂಲ್ ಬ್ರಿನ್ನರ್ ಬರುತ್ತಾನೆ. ಅದನ್ನು ಮಾತ್ರ ಮಕ್ಕಳು ಮಲಗಿದ ಮೇಲೆ ಹಾಕಿ.