ಧಾರವಾಡದಲ್ಲಿದ್ದುಕೊಂಡೇ ಬುಡಕಟ್ಟು ಜನರ ಇತಿಹಾಸ ಓದಬಹುದೇ?

ಪದವಿ ಮುಗಿದಿದೆ, ಬುಡಕಟ್ಟು ಜನರ ಇತಿಹಾಸ, ಸಂಸ್ಕೃತಿ, ರಾಜಕೀಯ ಅನುಭವ ಅಧ್ಯಯನ ಮಾಡುವ ಆಸೆಯಿದೆ, ಧಾರವಾಡ ಬಿಡದೆ ಅದು ಸಾಧ್ಯವೇ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ.

ಧಾರಾಳವಾಗಿ ಸಾಧ್ಯ. ನಾನೂ ಇದೇ ಊರಿನಲ್ಲಿ ಇತಿಹಾಸ ಓದಿದವನು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗವೂ ಇದೆ. ಹಾಡು, ಕುಣಿತದ ಕಡೆ ಒಲವಿದ್ದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಕುಣಿತದಿಂದ ಆರಂಭಿಸಬೇಡಿ. ಅದರ ಮೇಲೆ ಬೇಕಾದಷ್ಟು ಜನ ಬರೆದಿದ್ದಾರೆ. ಮೊದಲು ಸರ್ಕಾರದ ಕಾಗದ ಓದಿ.

ಧಾರವಾಡ ಜಿಲ್ಲೆಯದೇ ಆದ ಕಲಘಟಗಿ ತಾಲ್ಲೂಕಿನ ಸಿದ್ದಿಯರನ್ನೇ ನೋಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ. (ಹೊರಗಿನಿಂದ ಬಂದ ಇವರು ಇಲ್ಲಿನ ಬುಡಕಟ್ಟು ಜನ ಹೇಗಾಗುತ್ತಾರೆ ಎಂದು ಯಾರಾದರೂ ಮೇಷ್ಟರು ತಕರಾರು ತೆಗೆಯಬಹುದು. ತೆಗೆಯಲಿ, ಚರ್ಚೆಗೆ ಒಳ್ಳೆಯದು.) ಹಳಿಯಾಳ, ಯಲ್ಲಾಪುರದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದು ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಗಳ ನೆಂಟರು 2020ರ ತಿದ್ದುಪಡಿ ಕಾಯ್ದೆಯವರೆಗೆ ಕಾಯಬೇಕಾಯಿತು. ನಡುವೆ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಡಿ ಕಾಡಿನ ಭೂಮಿಯ ಹಕ್ಕು ಪಡೆಯಲು ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿದ್ದರೆ ಸಾಕು. ಉಳಿದವರು 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಅಕ್ಕನನ್ನು ಹಳಿಯಾಳದ ಕಡೆ ಕೊಟ್ಟು, ತಂಗಿ ಕಲಘಟಗಿಯಲ್ಲೇ ಉಳಿದಿದ್ದರೆ 2020ರವರೆಗೆ ಅವರಿಬ್ಬರ ಮಕ್ಕಳಿಗೆ ಎರಡು ನಿಯಮ! ರಾಜಕೀಯ ಅನುಭವವೆಂದರೆ ನನ್ನ ಮಟ್ಟಿಗೆ ಇದೇ. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಮೊದಲಿಗರು.

ಇಷ್ಟು ತಿಳಿದುಕೊಂಡು ಹೋಗಿ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿ. ಹಳೆಯ ಸೀರೆಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಚಿದ ಬಟ್ಟೆ ಕೂಡಿಸದೆ ಕೌದಿ ಮುಗಿಯುವುದಿಲ್ಲ. ಮೊಬೈಲ್ ಹೊರಗೆ ತೆಗೆಯುವ ಮುನ್ನ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಮಾತನಾಡಿ.

ಅಷ್ಟು ದೂರವೂ ಬೇಡವೆಂದರೆ ಹುಬ್ಬಳ್ಳಿಯ ಸೆಟ್ಲಮೆಂಟ್ ಇದೆ. 1871ರಲ್ಲಿ ಆರಂಭವಾದ 'ಅಪರಾಧಿ ಬುಡಕಟ್ಟು' ಕಾಯ್ದೆಗಳು ಇಡೀ ಸಮುದಾಯಗಳಿಗೆ ಹುಟ್ಟುಗಳ್ಳರೆಂದು ಮುದ್ರೆಯೊತ್ತಿ, ಇಂಥ ಸೆಟ್ಲಮೆಂಟ್‌ಗಳ ಬೇಲಿಯೊಳಗೆ ಕೂಡಿ, ಹಾಜರಿ ಹಾಕಿಸಿದವು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಅಲ್ಲಿನ ಹಿರಿಯರ ಹತ್ತಿರ ಹೋಗುವಾಗ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಪಟ್ಟಿ ಹಿಡಿದು ಬಂದವರನ್ನು ಆ ಮನೆಗಳು ಸಾಕಷ್ಟು ಕಂಡಿವೆ. ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.