ಈಸ್ಟರ್‌ಗೆ ಮಕ್ಕಳ ಜೊತೆ ಚಿಕ್ಕಮಗಳೂರಿನಲ್ಲಿ ಇರುತ್ತೇವೆ, ಹಬ್ಬ ಹೇಗೆ ಮಾಡೋದು?

ನೀವು ಕೇಳಿರುವುದು ನನಗೆ ಅರ್ಥವಾದಷ್ಟು ಇಷ್ಟು: ಶುಭ ಶುಕ್ರವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು ಚಿಕ್ಕಮಗಳೂರಿನ ತೋಟದ ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿಯುತ್ತೀರಿ. ಏಳು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ, ಜೊತೆಗೆ ಕ್ರೈಸ್ತರಲ್ಲದ ಸ್ನೇಹಿತರ ಕುಟುಂಬವೂ ಬರುತ್ತಿದೆ. ಅಜ್ಜಿ ಮನೆಯ ಈಸ್ಟರ್, ಮೊಟ್ಟೆ ಎಲ್ಲ ತಪ್ಪಿತು ಅಂತ ಚಿಕ್ಕವಳು ಮುನಿಸಿಕೊಂಡಿದ್ದಾಳೆ. ಹಬ್ಬ ಹಬ್ಬದಂತೆ ಅನ್ನಿಸಲು ಏನು ಮಾಡಬೇಕು?

ನಾನು ಹಾಸನದವಳು. ನಮ್ಮೆಜಮಾನರದ್ದು ಊರೂರು ತಿರುಗುವ ಕೆಲಸ, ರಜೆ ಸಿಕ್ಕಾಗ ನಾವೇ ಮಕ್ಕಳನ್ನು ಕಟ್ಟಿಕೊಂಡು ಅವರಿದ್ದಲ್ಲಿಗೆ ಹೋಗುತ್ತೇವೆ. ಹಾಗಾಗಿ ನಮ್ಮ ಮನೆಯಲ್ಲಿ ಈಸ್ಟರ್ ನಡೆದಿರುವುದು ಮನೆಯಲ್ಲಿ ಕಮ್ಮಿ, ಹೊರಗೇ ಜಾಸ್ತಿ. ನನ್ನ ಉತ್ತರ ಚಿಕ್ಕದು: ಮೊದಲು ಚರ್ಚ್ ಗೊತ್ತು ಮಾಡಿಕೊಳ್ಳಿ, ಶನಿವಾರ ರಾತ್ರಿಯನ್ನು ಖಾಲಿ ಇಟ್ಟುಕೊಳ್ಳಿ, ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿ. ಎಲ್ಲರೂ ಮಾಡುವುದು ಇದರ ಉಲ್ಟಾ. ಮುಳ್ಳಯ್ಯನಗಿರಿ, ಜಲಪಾತ, ಜೀಪ್ ಸವಾರಿ ಎಲ್ಲ ಬರೆದುಕೊಂಡು, ಉಳಿದ ಸಂದಿಯಲ್ಲಿ ಚರ್ಚಿನ ಪೂಜೆಗೆ ಹೋಗೋಣ ಅಂದುಕೊಳ್ಳುತ್ತಾರೆ. ಆ ಸಂದಿ ಸಿಗುವುದೇ ಇಲ್ಲ.

ಚರ್ಚ್‌ಗೆ ಬರಗಾಲವಿಲ್ಲ. ಚಿಕ್ಕಮಗಳೂರು 1963ರಿಂದ ಕಥೋಲಿಕ ಧರ್ಮಕ್ಷೇತ್ರದ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ ಕೇಂದ್ರ, ಹಾಸನ ಜಿಲ್ಲೆಯೂ ಅದಕ್ಕೇ ಸೇರಿದೆ. ಪಟ್ಟಣದಲ್ಲಿ ಸಂತ ಜೋಸೆಫರ ಪ್ರಧಾನಾಲಯ, ಅಂದರೆ ಬಿಷಪ್ಪರ ಮುಖ್ಯ ಚರ್ಚ್ ಇದೆ. ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯೂ ಚರ್ಚ್‌ಗಳಿವೆ, ಯಾಕೆಂದರೆ ಕರಾವಳಿಯಿಂದ ಘಟ್ಟ ಹತ್ತಿ ತೋಟಗಳಿಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ಇಲ್ಲಿ ಬಹಳ. ಎನ್.ಆರ್. ಪುರದ ಕಡೆ ಹೋದರೆ ಮಲಯಾಳದ ಪೂಜೆಯೂ ಸಿಗುತ್ತದೆ. ನೀವು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಸಭೆಯವರಾದರೆ ಭಾನುವಾರ ನಸುಕಿನ ಆರಾಧನೆ ಇದೆಯಾ ಅಂತ ಅಲ್ಲಿನ ಸಭಾಪಾಲಕರನ್ನು ಕೇಳಿ. ಸಮಯವನ್ನು ಮಾತ್ರ ಗೂಗಲ್ ನೋಡಿ ನಂಬಬೇಡಿ. ಅಲ್ಲಿರುವುದು ಮಾಮೂಲಿ ಭಾನುವಾರದ ವೇಳೆ, ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಎಲ್ಲವೂ ಬದಲಾಗುತ್ತದೆ. ಚರ್ಚ್ ಆಫೀಸಿಗೆ ಒಂದು ಫೋನ್ ಮಾಡಿ, ಕನ್ನಡದ ಪೂಜೆ ಎಷ್ಟಕ್ಕೆ, ಕೊಂಕಣಿಯದು ಎಷ್ಟಕ್ಕೆ ಅಂತ ಕೇಳಿಕೊಳ್ಳಿ. ತೋಟದ ಒಳಗಿನ ಹೋಂಸ್ಟೇಯಿಂದ ಪಟ್ಟಣಕ್ಕೆ ರಾತ್ರಿ ಹೊತ್ತು ಎಷ್ಟು ಹೊತ್ತಿನ ದಾರಿ ಅಂತ ಮನೆಯವರನ್ನೂ ಕೇಳಿ. ಮ್ಯಾಪ್ ತೋರಿಸುವ ಇಪ್ಪತ್ತು ನಿಮಿಷ ತಿರುವುಗಳಲ್ಲಿ ನಲವತ್ತಾಗುತ್ತದೆ.

ಶನಿವಾರ ರಾತ್ರಿ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಕ್ಕಳಿಗೆ ಇಡೀ ವರ್ಷದಲ್ಲಿ ನೋಡಲು ಸಿಗುವ ಅತ್ಯಂತ ಚೆಂದದ ಪೂಜೆ ಅದು. ಪಾಸ್ಕ ಜಾಗರಣೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಈ ಪೂಜೆ, ಕತ್ತಲಾದ ಮೇಲೇ ಶುರುವಾಗಬೇಕು ಅನ್ನುವುದು ನಿಯಮ. ಚರ್ಚ್ ಒಳಗೆ ಒಂದು ದೀಪವೂ ಇರುವುದಿಲ್ಲ. ಹೊರಗೆ ಅಂಗಳದಲ್ಲಿ ಬೆಂಕಿ ಹಾಕಿ, ಅದನ್ನು ಆಶೀರ್ವದಿಸಿ, ಅದರಿಂದಲೇ ಪಾಸ್ಕ ಬತ್ತಿ ಹಚ್ಚುತ್ತಾರೆ. ಬೇಗ ಹೋಗಿ ಬೆಂಕಿಯ ಹತ್ತಿರವೇ ನಿಂತುಕೊಳ್ಳಿ, ತಡವಾದರೆ ಮಕ್ಕಳಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಆ ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಸುತ್ತ ಆ ವರ್ಷದ ನಾಲ್ಕು ಅಂಕಿಗಳು ಇರುತ್ತವೆ. ಫಾದರ್ ಅವನ್ನು ಒಂದೊಂದಾಗಿ ಗುರುತು ಮಾಡಿ, ಯೇಸುವಿನ ಐದು ಗಾಯಗಳ ನೆನಪಿಗೆ ಐದು ಧೂಪದ ಹರಳುಗಳನ್ನು ಚುಚ್ಚುತ್ತಾರೆ. 'ಇಸವಿ ಎಲ್ಲಿದೆ ಹುಡುಕು' ಅಂತ ಹತ್ತು ವರ್ಷದವನಿಗೆ ಮೊದಲೇ ಹೇಳಿಟ್ಟರೆ ಅವನು ಅಲ್ಲಾಡದೆ ನಿಂತಿರುತ್ತಾನೆ. ಆಮೇಲೆ ಆ ಒಂದು ಬತ್ತಿಯಿಂದ ಪಕ್ಕದವರಿಗೆ, ಅವರಿಂದ ಇವರಿಗೆ ಅಂತ ಬೆಳಕು ಹಬ್ಬುತ್ತದೆ. ಏಳು ವರ್ಷದವಳ ಕೈಗೂ ಬತ್ತಿ ಕೊಡಿ, ಕೆಳಗೆ ಒಂದು ಕಾಗದದ ಲೋಟ ಸಿಕ್ಕಿಸಿದರೆ ಬಿಸಿ ಮೇಣ ಬೆರಳಿಗೆ ಬೀಳುವುದಿಲ್ಲ. ಕೂದಲು ಬಿಟ್ಟುಕೊಂಡು ಬರುವುದು ಬೇಡ, ಮುಂದಿನವರ ಸೆರಗಿನ ಮೇಲೂ ಒಂದು ಕಣ್ಣಿರಲಿ.

ಪೂರ್ತಿ ಕ್ರಮದಲ್ಲಿ ಮಾಡಿದರೆ ಬೈಬಲಿನಿಂದ ಒಂಬತ್ತು ವಾಚನಗಳು. ಸಾಮಾನ್ಯವಾಗಿ ಕಡಿಮೆ ಮಾಡುತ್ತಾರೆ, ಆದರೂ ಎರಡು ತಾಸಿಗೆ ಮೋಸವಿಲ್ಲ. ಮಕ್ಕಳು ತೂಕಡಿಸಿದರೆ ತೂಕಡಿಸಲಿ ಬಿಡಿ. ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಮಹಿಮಾಗೀತೆಯ (ದೇವರನ್ನು ಕೊಂಡಾಡುವ ಹಾಡು) ಹೊತ್ತಿಗೆ ಒಟ್ಟಿಗೆ ಬಾರಿಸಿ, ದೀಪಗಳೆಲ್ಲ ಹತ್ತಿದಾಗ ಯಾವ ಮಗು ಮಲಗಿದ್ದರೂ ಎದ್ದು ಕೂರುತ್ತದೆ. ನನ್ನನ್ನು ಕೇಳಿದರೆ ಮೊಟ್ಟೆ, ಮೊಲ, ಚಾಕೊಲೇಟ್ ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ. ಚಿಕ್ಕವಳಿಗೆ ಅಷ್ಟು ಹೊತ್ತು ಸಾಧ್ಯವೇ ಇಲ್ಲ ಅನ್ನಿಸಿದರೆ ಬೆಂಕಿ, ಮೆರವಣಿಗೆ, ಗಂಟೆ ಆಗುವವರೆಗೆ ಇದ್ದು ಒಬ್ಬರು ಹೊರಗೆ ಕರೆದುಕೊಂಡು ಬನ್ನಿ, ಭಾನುವಾರ ಬೆಳಗಿನ ಪೂಜೆಗೆ ಮತ್ತೆ ಹೋಗಬಹುದು. ಸ್ವೆಟರ್ ಮರೆಯಬೇಡಿ. ಹಗಲು ಎಷ್ಟೇ ಬಿಸಿಲಿದ್ದರೂ ಮಲೆನಾಡಿನ ರಾತ್ರಿ ಚಳಿ ಹಿಡಿಸುತ್ತದೆ.

ಶುಕ್ರವಾರದ್ದು ಬೇರೆಯದೇ ತಲೆನೋವು. ಅದು ಉದ್ದ ವಾರಾಂತ್ಯದ ಮೊದಲ ದಿನ, ಊರಿಗೆ ಊರೇ ಬೆಟ್ಟಕ್ಕೆ ಬಂದಿರುತ್ತದೆ. ಹೋಂಸ್ಟೇಯವರು ಖುಷಿಯಿಂದ ಕೋಳಿ ಬಾರ್ಬೆಕ್ಯೂ, ಕ್ಯಾಂಪ್‌ಫೈರ್, ಸ್ಪೀಕರ್ ಹಾಡು ಎಲ್ಲ ಆ ರಾತ್ರಿಗೇ ಇಟ್ಟಿರುತ್ತಾರೆ. ನಾವು ಒಮ್ಮೆ ಉಳಿದಿದ್ದ ಕಡೆ, ಯೇಸುವಿನ ಪಾಡು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಬಂದರೆ ಅಂಗಳದಲ್ಲಿ ಕುಣಿತ. ಅವರದೇನೂ ತಪ್ಪಿಲ್ಲ, ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಬುಕ್ ಮಾಡುವಾಗಲೇ 'ಶುಕ್ರವಾರ ನಮಗೆ ಮಾಂಸ ಬೇಡ, ಬಾಡೂಟ ಏನಿದ್ದರೂ ಭಾನುವಾರ ಮಧ್ಯಾಹ್ನಕ್ಕೆ' ಅಂದುಬಿಡಿ. ಗಂಜಿ, ಉಪ್ಪಿನಕಾಯಿ, ಹುರುಳಿ ಕಾಳಿನ ಪಲ್ಯ ಕೇಳಿದರೆ ತೋಟದ ಅಡುಗೆಯವರು ಒಳ್ಳೆಯದೇ ಮಾಡಿಕೊಡುತ್ತಾರೆ. ಮಕ್ಕಳನ್ನು ಉಪವಾಸ ಕೆಡವುವ ಅಗತ್ಯವಿಲ್ಲ. ಕಥೋಲಿಕ ನಿಯಮದಲ್ಲೇ ಮಾಂಸ ಬಿಡುವುದು ಹದಿನಾಲ್ಕರ ನಂತರ, ಉಪವಾಸ ಹದಿನೆಂಟರ ನಂತರ. ಶುಕ್ರವಾರದ ಆರಾಧನೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಆಸುಪಾಸಿಗೆ. ಹಾಸನ ದಾಟುವ ಹೊತ್ತಿಗೆ ತಡವಾಗಿದ್ದರೆ ಹಾಸನದಲ್ಲೇ ಮುಗಿಸಿಕೊಂಡು ಬೇಲೂರು ಮೇಲೆ ಬನ್ನಿ.

ಇನ್ನು ನಿಮ್ಮ ಚಿಕ್ಕವಳ ಮೊಟ್ಟೆ ವಿಚಾರ. ಬೆಂಗಳೂರಿನ ಬೇಕರಿಗಳಲ್ಲಿ ಸಿಗುವ ಗೋಡಂಬಿ-ಸಕ್ಕರೆಯ ಮಾರ್ಜಿಪಾನ್ ಮೊಟ್ಟೆಗಳನ್ನು ಅಲ್ಲಿಂದಲೇ ತನ್ನಿ. ಚಾಕೊಲೇಟ್ ಮೊಟ್ಟೆ ಬೇಡ, ಆ ಬಿಸಿಲಿಗೆ ಕಾರಿನಲ್ಲಿ ಚನ್ನರಾಯಪಟ್ಟಣ ತಲುಪುವಷ್ಟರಲ್ಲಿ ಪಾಯಸವಾಗಿರುತ್ತದೆ. ದಾರಿಯಲ್ಲಿ ಕೊಳ್ಳೋಣ ಅಂದುಕೊಂಡಿದ್ದರೆ ನೆನಪಿಡಿ, ನೀವು ಹಾದು ಬರುವುದು ಅಯ್ಯಂಗಾರ್ ಬೇಕರಿಗಳ ತವರು ಜಿಲ್ಲೆ. ಅಲ್ಲಿ ಕೇಕಿಗೂ ಮೊಟ್ಟೆ ಹಾಕುವುದಿಲ್ಲ. ಖಾರಾ ಬನ್, ದಿಲ್‌ಪಸಂದ್ ಕಟ್ಟಿಸಿಕೊಳ್ಳಿ, ಮೊಟ್ಟೆಯ ಆಸೆ ಬಿಡಿ.

ನಿಜವಾದ ಮೊಟ್ಟೆಗೆ ಬಣ್ಣ ಹಾಕುವುದೇ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ, ಶನಿವಾರ ಮಧ್ಯಾಹ್ನ ಅದಕ್ಕೆ ಹೇಳಿ ಮಾಡಿಸಿದ ಹೊತ್ತು. ಆದರೆ ಮೊದಲು ಆ ಮನೆಯಲ್ಲಿ ಮೊಟ್ಟೆ ನಡೆಯುತ್ತದಾ ಕೇಳಿ. ಮಲೆನಾಡಿನಲ್ಲಿ ಅಪ್ಪಟ ಸಸ್ಯಾಹಾರದ ಹೋಂಸ್ಟೇಗಳು ಬೇಕಾದಷ್ಟಿವೆ. ನಡೆಯುತ್ತದೆ ಅಂದರೆ ನಾಟಿ ಕೋಳಿ ಮೊಟ್ಟೆ ಬೇಡ ಅನ್ನಿ, ಕಂದು ಚಿಪ್ಪಿನ ಮೇಲೆ ಬಣ್ಣ ಕಾಣುವುದಿಲ್ಲ. ಅಂಗಡಿಯ ಬಿಳಿ ಫಾರಂ ಮೊಟ್ಟೆಯೇ ಸರಿ. ಬಣ್ಣದ ಪುಡಿ ಹೊತ್ತು ತರುವುದೂ ಬೇಡ. ಅಡುಗೆಮನೆಯಲ್ಲಿ ಈರುಳ್ಳಿ ಸಿಪ್ಪೆ ಕೂಡಿಡಲು ಶುಕ್ರವಾರವೇ ಹೇಳಿ. ಎರಡು ಮುಷ್ಟಿ ಸಿಪ್ಪೆ ಹಾಕಿ, ಒಂದು ಚಮಚ ವಿನೆಗರ್ ಬಿಟ್ಟು, ಮೊಟ್ಟೆಯನ್ನು ಅದೇ ನೀರಿನಲ್ಲಿ ಬೇಯಿಸಿದರೆ ಗಟ್ಟಿ ಕೆಂಗಂದು ಬಣ್ಣ ಬರುತ್ತದೆ. ಅರಿಸಿನಕ್ಕೆ ಹಳದಿ, ಬೀಟ್‌ರೂಟಿಗೆ ಗುಲಾಬಿ. ಅದ್ದುವ ಮೊದಲು ಮೇಣದ ಬತ್ತಿಯ ತುದಿಯಿಂದ ಚಿಪ್ಪಿನ ಮೇಲೆ ಹೆಸರು ಬರೆಸಿ. ಮೇಣ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ, ಹೆಸರು ಬೆಳ್ಳಗೆ ಎದ್ದು ಬರುತ್ತದೆ. ಇದಕ್ಕೆ ಮಾತ್ರ ಮೊಟ್ಟೆ ಮೊದಲೇ ಬೆಂದು ಆರಿರಬೇಕು, ಬಣ್ಣದ ನೀರೂ ತಣ್ಣಗಿರಬೇಕು, ಇಲ್ಲವಾದರೆ ಮೇಣ ಕರಗಿ ಹೋಗುತ್ತದೆ. ಹೋಂಸ್ಟೇಯವರ ಬಿಳಿ ಮೇಜುಬಟ್ಟೆ ಮಾತ್ರ ತೆಗೆದಿಡಿ, ಅರಿಸಿನದ ಕಲೆಗೆ ಆಮೇಲೆ ನೀವೇ ಉತ್ತರ ಹೇಳಬೇಕಾಗುತ್ತದೆ. ಬಣ್ಣ ಹಾಕಿದ ಮೊಟ್ಟೆಗಳನ್ನು ರಾತ್ರಿ ಫ್ರಿಜ್ಜಿನಲ್ಲಿಡಿಸಿ.

ಭಾನುವಾರ ಬೆಳಿಗ್ಗೆ ಹುಡುಕಾಟ. ಕಾಫಿ ಗಿಡಗಳ ನಡುವೆ ಬಚ್ಚಿಡಬೇಡಿ. ಈಸ್ಟರ್ ಬರುವುದು ವಸಂತದ ಹುಣ್ಣಿಮೆಯ ಲೆಕ್ಕದಲ್ಲಿ, ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರವಾದರೂ ಆಗಬಹುದು. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟ್ಹತ್ತು ದಿನವಾಗಿದ್ದರೆ ತೋಟವೆಲ್ಲ ಬೆಳ್ಳಗೆ ಹೂವಾಗಿರುತ್ತದೆ, ಮಲ್ಲಿಗೆಯಂಥ ವಾಸನೆ ಗೇಟಿನವರೆಗೂ ಬರುತ್ತದೆ. ಆ ಹೂವೇ ಮುಂದಿನ ಬೆಳೆ. ಮಕ್ಕಳು ಗಿಡ ಅಲ್ಲಾಡಿಸಿ ಓಡಿದರೆ ತೋಟದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಹೂವಿಗೆ ಜೇನೂ ಮುತ್ತಿರುತ್ತದೆ. ಬುಡದ ತರಗಿನಲ್ಲಿ ಏನೇನಿರುತ್ತದೋ, ಮರದ ಮೇಲೆ ಚಗಳಿ ಇರುವೆ ಬೇರೆ. ಅದರ ಬದಲು ಕಾಫಿ ಒಣಗಿಸುವ ಕಣ ಕೇಳಿ. ಕುಯ್ಲು ಮುಗಿದು ಆ ಹೊತ್ತಿಗೆ ಬಹುತೇಕ ಖಾಲಿ ಇರುತ್ತದೆ, ಮೆಣಸು ಹರವಿಲ್ಲ ಅಂದರೆ ಸಂತೋಷವಾಗಿ ಬಿಟ್ಟುಕೊಡುತ್ತಾರೆ. ಕಣದ ಅಂಚಿನ ಕಲ್ಲು, ಹೂಕುಂಡ, ಮಂಕರಿ, ಒಣಗಲು ಹಾಕಿದ ಗೋಣಿ, ಜಗಲಿಯ ಕಂಬದ ಮರೆ, ಬಚ್ಚಿಡಲು ಇಷ್ಟು ಸಾಕು. ಪೂಜೆಗೆ ಹೋಗುವ ಮೊದಲೇ ಇಟ್ಟು ಹೋಗಬೇಡಿ, ಬರುವಷ್ಟರಲ್ಲಿ ಕೋತಿಗಳು ಹಬ್ಬ ಮುಗಿಸಿರುತ್ತವೆ. ಎಷ್ಟು ಇಟ್ಟಿರಿ ಅಂತ ಎಣಿಸಿಟ್ಟುಕೊಳ್ಳಿ, ಸಿಗದೆ ಉಳಿದ ಬೇಯಿಸಿದ ಮೊಟ್ಟೆ ಎರಡು ದಿನದ ಮೇಲೆ ವಾಸನೆಯಿಂದ ತಾನೇ ಸಿಗುತ್ತದೆ.

ಮಧ್ಯಾಹ್ನದ ಊಟಕ್ಕೆ ಅಜ್ಜಿ ಮನೆಯ ಅಡುಗೆಯನ್ನೇ ಮಾಡಿಸಲು ಹೋಗಬೇಡಿ, ಅದು ಬರುವುದೂ ಇಲ್ಲ. ಕಡುಬು, ಅಕ್ಕಿ ರೊಟ್ಟಿ, ನಾಟಿ ಕೋಳಿ ಸಾರು ಹೇಳಿ. ಕೊಂಕಣಿಯವರ ಹೋಂಸ್ಟೇ ಆಗಿದ್ದರೆ 'ಸಣ್ಣ' ಅನ್ನುವ ಮೆತ್ತಗಿನ ಅಕ್ಕಿ ಇಡ್ಲಿ ಮತ್ತು ಹಂದಿ ಮಾಂಸ ಕೇಳದೆಯೇ ಬರುತ್ತದೆ, ಅವರೂ ಈಸ್ಟರ್ ಮುಂಚಿನ ನಲವತ್ತು ದಿನದ ವ್ರತ, ತಪಸ್ಸು ಕಾಲ ಕಳೆದು ಕಾಯುತ್ತಿರುತ್ತಾರೆ. ಊಟದ ಹೊತ್ತಿಗೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿ, ತೋಟದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಂಡಿರಿ.

ಮುಳ್ಳಯ್ಯನಗಿರಿಗೆ ಹೋಗಲೇಬೇಕಿದ್ದರೆ ಶನಿವಾರ ಬೆಳ್ಳಂಬೆಳಿಗ್ಗೆ ಹೋಗಿ, ವಾಹನಕ್ಕೆ ಆನ್‌ಲೈನ್ ನೋಂದಣಿ ಮೊದಲೇ ಮಾಡಿಕೊಂಡು. ಅದಕ್ಕಿಂತ ಭಾನುವಾರ ವಾಪಸ್ ಬರುವಾಗ ಹಾಸನದಿಂದ ಗೊರೂರು ಕಡೆ ತಿರುಗಿ ಶೆಟ್ಟಿಹಳ್ಳಿ ತೋರಿಸಿ ಅನ್ನುತ್ತೇನೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚ್ ಅದು. ಹೇಮಾವತಿಗೆ ಅಣೆಕಟ್ಟು ಬಂದು ಊರು ಮುಳುಗಡೆಯಾಯಿತು, ಜನ ಬೇರೆ ಕಡೆ ಹೋದರು, ಚರ್ಚ್ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗಿರುತ್ತದೆ, ಈಸ್ಟರ್ ಹೊತ್ತಿಗೆ ನೀರು ಇಳಿದು ಸಾಮಾನ್ಯವಾಗಿ ನಡೆದೇ ಹೋಗಬಹುದು. ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರಂತೆ ಅಂತ ಅಲ್ಲಿನವರು ಹೇಳುತ್ತಾರೆ, ಮೊಟ್ಟೆ ಬಣ್ಣ ಹಾಕಿ ಬಂದ ಮಕ್ಕಳಿಗೆ ಆ ಮಾತು ಹೇಳಿ ನೋಡಿ. ಆದರೆ ಗೋಡೆಯ ಹತ್ತಿರ ಬಿಡಬೇಡಿ. ವರ್ಷ ವರ್ಷವೂ ನೆನೆದು ಒಣಗಿ ಶಿಥಿಲವಾಗಿದೆ, ಅಲ್ಲಲ್ಲಿ ಕುಸಿದೂ ಇದೆ. ದೂರದಿಂದ ನೋಡಿ, ಕತ್ತಲಾಗುವ ಮೊದಲು ಹೊರಡಿ. ಸೋಮವಾರ ನಮ್ಮಲ್ಲಿ ರಜೆ ಇಲ್ಲ, ಸಂಜೆ ಐದರ ಮೇಲೆ ಬೆಂಗಳೂರು ರಸ್ತೆಯ ಕಥೆ ನಿಮಗೆ ಗೊತ್ತೇ ಇದೆ.

ಕೊನೆಗೆ ನಿಮ್ಮ ಸ್ನೇಹಿತರ ಕುಟುಂಬದ ಬಗ್ಗೆ. ಧಾರಾಳವಾಗಿ ಚರ್ಚ್‌ಗೆ ಕರೆದುಕೊಂಡು ಹೋಗಿ, ಯಾರೂ ಏನೂ ಅನ್ನುವುದಿಲ್ಲ, ಬತ್ತಿಯನ್ನೂ ಹಿಡಿಯಬಹುದು. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ, ಅಂದರೆ ಪರಮಪ್ರಸಾದದ ಸಾಲಿಗೆ ಮಾತ್ರ ಅವರು ನಿಲ್ಲುವುದಿಲ್ಲ ಅನ್ನುವುದನ್ನು ಮನೆಯಲ್ಲೇ ಹೇಳಿಬಿಡಿ, ದೊಡ್ಡವರಿಗಿಂತ ಮುಖ್ಯವಾಗಿ ಅವರ ಮಕ್ಕಳಿಗೆ. ಎಲ್ಲರೂ ಎದ್ದು ಹೋಗುವಾಗ ತಾವು ಮಾತ್ರ ಯಾಕೆ ಕೂರಬೇಕು ಅಂತ ಮಕ್ಕಳಿಗೆ ಅಲ್ಲಿ ಬೇಜಾರಾಗುತ್ತದೆ. ನಿಮ್ಮ ಏಳು ವರ್ಷದವಳದ್ದು ಮೊದಲ ಪರಮಪ್ರಸಾದ ಇನ್ನೂ ಆಗಿಲ್ಲದಿದ್ದರೆ ಅವಳನ್ನೂ ಅವರ ಜೊತೆಗೇ ಕೂರಿಸಿ. ಅವರು ಮೊಟ್ಟೆ ಮುಟ್ಟದವರಾದರೆ ಹುಡುಕಾಟಕ್ಕೆ ಬಣ್ಣದ ಕಾಗದದಲ್ಲಿ ಸುತ್ತಿದ ಕೊಬ್ಬರಿ ಮಿಠಾಯಿಯನ್ನೂ ಸೇರಿಸಿ ಇಡಿ, ಯಾವುದು ಯಾರಿಗೆ ಅಂತ ಕಾಗದದ ಬಣ್ಣದಲ್ಲೇ ಗುರುತು ಮಾಡಿಕೊಂಡರೆ ಜಗಳವಿಲ್ಲ.